ಬಾವುಟ ಹಿಡಿದಿದ್ದವಳು ನಾನು

ರುದ್ರೇಶ, ಆ ದಿನ ನಿನ್ನ ಚೆಂಡು ಅಲ್ಲಾಡಿರಲಿಲ್ಲ. ನಾನು ಸುಳ್ಳು ಹೇಳಿದೆ.

ಇಷ್ಟು ಬರೆಯುವುದಕ್ಕೆ ಹನ್ನೊಂದು ವರ್ಷ ಬೇಕಾಯಿತು. ಬರೆಯುವಾಗ ಅಳು ಬರುತ್ತದೆ ಅಂದುಕೊಂಡಿದ್ದೆ — ಬರಲಿಲ್ಲ. ಒಳಗೆ ಏನೂ ಆಗುತ್ತಿಲ್ಲ. ಕೈ ಮಾತ್ರ ಬರೆಯುತ್ತಿದೆ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಆ ಮಾತಿನವರೆಗೆ ಹೋಗಿ ಮುಟ್ಟಲು ನನ್ನಿಂದ ಆಗುವುದಿಲ್ಲ. ತರೀಕೆರೆಯಿಂದ ಬೆಟ್ಟದ ಬಂಗಲೆಗೆ ಹೋಗುವ ದಾರಿಯಲ್ಲಿ ತಾತನ ಕಾಲದ ಹುಲ್ಲುಬಯಲು ನಮ್ಮದು. ಬಂಗಲೆಗೆ ಬರುವ ದೊಡ್ಡವರೂ ಕಾಫಿ ತೋಟದ ಸಾಹುಕಾರರೂ ಗಾಲ್ಫ್ ಆಡಲು ಜಾಗ ಕೇಳಿದರು ಅಂತ ಅಪ್ಪಾಜಿ ಅದರಲ್ಲಿ ಒಂಬತ್ತು ಕುಳಿ ತೋಡಿದರು. "ಎಮ್ಮೆ ಮೇಯೋ ಜಾಗ್ದಲ್ಲಿ ದೊರೆಗಳು ಗೋಲಿ ಆಡ್ತಾರಂತೆ ಕಣ್ರೋ" ಅಂತ ಊರವರು ನಕ್ಕರು.

ಬೇಸಿಗೆಯಲ್ಲಿ ಹುಲ್ಲಿಗೆ ಹಾಕಲು ನೀರಿರಲಿಲ್ಲ. ಅದಕ್ಕೆ ಕುಳಿಯ ಸುತ್ತ ಜರಡಿ ಹಿಡಿದ ಮರಳಿಗೆ ಲಾರಿ ಗ್ಯಾರೇಜಿನ ಹಳೇ ಆಯಿಲ್ ಕಲೆಸಿ ಹಾಸುತ್ತಿದ್ದೆವು. ಆಡಿದವರ ಹೆಜ್ಜೆ ಗುರುತು ಅಳಿಸಲು ಅದರ ಮೇಲೆ ಒದ್ದೆ ಗೋಣಿಚೀಲ ಎಳೆಯಬೇಕು. ಅವ್ವ ಹೋದ ಮೇಲೆ ನಾಲ್ಕನೇ ಕ್ಲಾಸು ಬಿಡಿಸಿ ನನಗೆ ಕೊಟ್ಟ ಕೆಲಸ ಅದು. ಕಾಲಿನ ಆಯಿಲ್ ವಾಸನೆ ಸೀಗೇಪುಡಿಗೂ ಹೋಗುತ್ತಿರಲಿಲ್ಲ. ನೀನು ಅವರು ಬಿಟ್ಟುಹೋದ ಮುರುಕು ಕೋಲುಗಳಲ್ಲಿ ಆಡಿ ಆಡಿ, ಇಪ್ಪತ್ತು ತುಂಬುವುದರೊಳಗೆ ಸಾಹುಕಾರರನ್ನೆಲ್ಲ ಸೋಲಿಸುತ್ತಿದ್ದೆ.

ಎಮರ್ಜೆನ್ಸಿ ಮುಗಿದ ಮರುವರ್ಷ ಬೆಂಗಳೂರಿನ ಯಾವುದೋ ಕ್ಲಬ್ಬಿನ ಸಾಹೇಬರು ಬಂದರು. ನಿನ್ನ ಆಟ ನೋಡಿ, "ನಾಳೆ ನಮ್ಮ ಹುಡುಗನ ಮೇಲೆ ಗೆದ್ರೆ ನಿನ್ನ ಕರ್ಕೊಂಡು ಹೋಗ್ತೀನಿ, ಆಟ ಕಲಿಸೋ ಕೆಲಸ ಕೊಡಿಸ್ತೀನಿ. ಸಮ ಆದ್ರೆ ಇಲ್ಲ" ಅಂದರು. ಸಂತೋಷಕ್ಕೆ ನೀನು ಊಟ ಮಾಡಲಿಲ್ಲ.

ಅದೇ ಮಧ್ಯಾಹ್ನ ಅಪ್ಪಾಜಿ ನನ್ನನ್ನು ಕರೆದು ಹೇಳಿದ್ದು ನಿನಗೆ ಗೊತ್ತಿಲ್ಲ.

"ಅವನು ಹೋದ್ರೆ ನಂಜೊತೆ ಬಯಲು ನೋಡೋರ್ಯಾರು? ಬುಕ್ಕಾಂಬುಧಿಯೋರಿಗೆ ಇನ್ನೊಂದು ವರ್ಷ ತಡೀರಿ ಅಂತೀನಿ ಕಣವ್ವ."

ಬುಕ್ಕಾಂಬುಧಿಯ ನಿನ್ನ ಭಾವನ ಮನೆಯವರು ಆಗಲೇ ಎರಡು ಸಲ ನನ್ನ ಮದುವೆ ಮುಂದಕ್ಕೆ ಹಾಕಿದ್ದರು. ಮೂರನೇ ಸಲವೂ ತಡೀರಿ ಅಂದರೆ ಬೇರೆ ಹೆಣ್ಣು ನೋಡುತ್ತಿದ್ದರು. ನಾನು "ಆಗ್ಲಿ" ಅಂದು ಗೋಣಿಚೀಲ ನೆನೆಸಲು ಹೋದೆ.

ಮಾರನೇ ದಿನ, ಕೊನೆಯ ಕುಳಿ. ಆ ಹುಡುಗ ಆಡಿ ಮುಗಿಸಿದ್ದ. ನಿನ್ನ ಚೆಂಡು ಕುಳಿಗೆ ಒಂದು ಮೊಳ ದೂರ. ಒಂದೇ ಏಟಿಗೆ ಹಾಕಿದರೆ ನಿನ್ನ ಗೆಲುವು, ಎರಡಾದರೆ ಸಮ. ಕುಳಿಯ ಬಾವುಟ ಕಿತ್ತು ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ನೀನು ಚೆಂಡಿನ ಹಿಂದೆ ಕೋಲು ಇಟ್ಟೆ. ಗಾಳಿ ಬೀಸಿತು ಅಂತ ಹಿಂದೆ ಸರಿದೆ.

"ಚೆಂಡು ಅಲ್ಲಾಡಿದ ಹಾಗಾಯ್ತಲ್ಲ?" ಅಂದ ಆ ಹುಡುಗ.

ಅವನಿಗೂ ಖಚಿತವಿರಲಿಲ್ಲ. ಕೋಲು ಇಟ್ಟ ಮೇಲೆ, ಹೊಡೆಯುವ ಮೊದಲೇ ಚೆಂಡು ಅಲುಗಿದರೆ ಒಂದು ಏಟು ಹೆಚ್ಚಿಗೆ ಸೇರಿಸುತ್ತಾರೆ. ಇಂಥ ತಕರಾರಿಗೆ ನಮ್ಮ ಬಯಲಿನಲ್ಲಿ ಅಪ್ಪಾಜಿಯದು ಒಂದೇ ಕಟ್ಟಳೆ — ಬಾವುಟ ಹಿಡಿದವರು ಕಂಡದ್ದೇ ತೀರ್ಪು. ಎಲ್ಲರೂ ನನ್ನ ಕಡೆ ತಿರುಗಿದರು.

"ಏನ್ ಕಂಡೆ, ಹೇಳವ್ವ" ಅಂದರು ಅಪ್ಪಾಜಿ.

ನಾನು ಚೆಂಡನ್ನೇ ನೋಡುತ್ತಿದ್ದೆ. ನಾನು ಗೋಣಿಚೀಲ ಎಳೆದಾಗ ಮರಳಿನಲ್ಲಿ ಮೂಡಿದ ಗೆರೆಯ ಮೇಲೆ ಅದು ಕೂತಿತ್ತು. ಮೊದಲು ಎಲ್ಲಿತ್ತೋ ಅಲ್ಲಿಯೇ — ಒಂದು ಕೂದಲೆಳೆಯಷ್ಟೂ —

"ಅಲ್ಲಾಡ್ತು" ಅಂದೆ.

ನೀನು ಒಂದು ಗಳಿಗೆ ನನ್ನ ಮುಖ ನೋಡಿದೆ. ಆಮೇಲೆ ಸಾಹೇಬರಿಗೆ, "ಅಕ್ಕ ನೋಡಿದ್ಮೇಲೆ ಮುಗೀತು ಬಿಡಿ ಸಾರ್. ನನಗೇ ಕಂಡಿರಲ್ಲ" ಅಂದೆ. ಹೊಡೆದೆ. ಒಂದೇ ಏಟಿಗೆ ಒಳಗೆ ಬಿತ್ತು. ಆಟ ಸಮ ಆಯಿತು.

ಎರಡು ತಿಂಗಳಿಗೆ ನನ್ನ ಮದುವೆ. ನನ್ನ ಕೆಲಸವೂ ನಿನ್ನ ತಲೆಗೆ ಬಂತು. ಆ ಸಾಹೇಬರು ಮತ್ತೆ ಈ ಕಡೆ ಬರಲಿಲ್ಲ. ಅಪ್ಪಾಜಿಗೆ ಲಕ್ವ ಹೊಡೆದ ಮೇಲೆ ಬಯಲನ್ನೂ ಅವರನ್ನೂ ನೀನೊಬ್ಬನೇ ನೋಡಿದೆ. ಅವರು ತೀರಿಕೊಂಡರು, ಸಾಹುಕಾರರ ಜೀಪುಗಳು ಬರುವುದು ಕಮ್ಮಿಯಾಯಿತು, ಕುಳಿಗಳ ಮೇಲೆ ಲಂಟಾನ ಬೆಳೆಯಿತು. ಮೂವತ್ತರ ಹತ್ತಿರದಲ್ಲಿ ನೀನು ಕಡೂರಿಗೆ ಬಂದು, ನಿನಗಿಂತ ಚಿಕ್ಕವರ ಕೈ ಕೆಳಗೆ ಪಂಪ್‌ಸೆಟ್ ರಿಪೇರಿ ಕಲಿತೆ. ನಾನು ಹಬ್ಬಕ್ಕೆ ಬಂದು ಹೋಗುತ್ತಿದ್ದೆ.

ಮದುವೆಗಾಗಿ ಹಾಗೆ ಹೇಳಿದೆ ಅಂತ ಬರೆದರೆ ನೆಪ ಹೇಳಿದಂತಾಗುತ್ತದೆ. ಬೇಡ. ಬಾಯಿ ತೆರೆಯುವ ಮೊದಲು ಯೋಚಿಸಲು ನನಗೆ ಹೊತ್ತು ಇತ್ತು — ಬೇಕಾದಷ್ಟು ಇತ್ತು.

ಹೋದ ತಿಂಗಳು ನಿನ್ನ ಮನೆಗೆ ಬಂದಿದ್ದಾಗ ನಿನ್ನ ಮಗಳು ಸ್ಲೇಟು ಒಡೆದು ತಪ್ಪನ್ನು ತಮ್ಮನ ಮೇಲೆ ಹಾಕಿದ್ದಳು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ನೀನು, "ಲೇ, ನಿಮ್ಮತ್ತೇನ ನೋಡಿ ಕಲೀರಿ. ಒಡಹುಟ್ಟಿದೋನ ಕೆಲಸ ಹೋಗ್ತಿದ್ರೂ ಸುಳ್ಳು ಹೇಳ್ಲಿಲ್ಲ ಕಣ್ರೋ ನಮ್ಮಕ್ಕ" ಅಂದೆ. ಮಗು ನನ್ನನ್ನೇ ನೋಡಿತು. ನಾನು ಮಜ್ಜಿಗೆ ಕಲೆಸಿಕೊಂಡು ಉಂಡೆ. ಅನ್ನ ಗಂಟಲಲ್ಲಿ ಇಳಿಯಿತು. ಇಳಿಯಿತಲ್ಲ —

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ಮೊದಲನೇ ಬಸ್ಸಿಗೆ ಬಂದು ನಾನೇ ನಿನ್ನೆದುರು ಓದುತ್ತೇನೆ. ನೀನು ಏನು ಬೇಕಾದರೂ ಅನ್ನು. ಏನೂ ಅನ್ನದೆಯೂ ಇರು. ಮಕ್ಕಳನ್ನು ಮಾತ್ರ ಆಚೆ ಕಳಿಸಬೇಡ.