ಫ್ಯೂಸ್ ಕಿತ್ತ ಮೇಲೂ ಉರಿದ ಬಲ್ಬು

೧೯೮೪ರಲ್ಲಿ ನಾನು ಕೊರಟಗೆರೆ ತಾಲ್ಲೂಕಿನಲ್ಲಿ ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರ್ ಆಗಿದ್ದೆ. ಕೊಳಾಲದ ಕಡೆಯ ಒಂದು ಹಳ್ಳಿಯಲ್ಲಿ ಒಂದು ಕಂಬವನ್ನು ಹತ್ತಲು ನಮ್ಮ ಲೈನ್‌ಮನ್‌ಗಳು ಹಿಂದೇಟು ಹಾಕುತ್ತಿದ್ದರು. ಹಿಂದಿನ ವರ್ಷ ಅದೇ ಊರಿನ ಲೈನ್‌ಮನ್ ಚಿಕ್ಕಣ್ಣ ಆ ಕಂಬದ ಮೇಲೇ ಕರೆಂಟು ಹೊಡೆದು ಸತ್ತಿದ್ದ. "ಫ್ಯೂಸ್ ಕಿತ್ರೂ ಆ ತಂತಿ ಸಾಯಾಕಿಲ್ಲ ಸಾರ್" ಎಂದು ನಮ್ಮ ಲೈನ್‌ಮನ್ ರಂಗಪ್ಪ ಹೇಳಿದಾಗ ನನಗೆ ರೇಗಿಹೋಯಿತು. ನಾನು ಓದಿದ್ದು ಎಂಜಿನಿಯರಿಂಗ್, ಕೇಳುವುದು ದೆವ್ವದ ಕಥೆಯೇ ಎಂದು ಗದರಿಸಿದೆ.

ಆಗ ನಮ್ಮಲ್ಲಿ ಒಂದು ರೂಢಿಯಿತ್ತು. ಮೂರು ಫೇಸ್‌ಗಳ ಮೂರು ತಂತಿಗಳಲ್ಲಿ ಒಂದು ಕೆಟ್ಟರೆ ಟ್ರಾನ್ಸ್‌ಫಾರ್ಮರ್ ಬಳಿ ಆ ಒಂದರ ಫ್ಯೂಸ್ ಮಾತ್ರ ಕಿತ್ತು ಜೇಬಿಗೆ ಹಾಕಿಕೊಂಡು ಕಂಬ ಹತ್ತುವುದು. ಮೂರನ್ನೂ ಕಿತ್ತರೆ ಊರಿಗೆಲ್ಲ ಕರೆಂಟು ಹೋಗಿ ಜನ ಜಗಳಕ್ಕೆ ಬರುತ್ತಿದ್ದರು. ಚಿಕ್ಕಣ್ಣನ ಜೇಬಿನಲ್ಲೂ ಫ್ಯೂಸ್ ಸಿಕ್ಕಿತ್ತು. ಆದರೆ ಗಾಬರಿಯಲ್ಲಿ ಜನ ಉಳಿದವನ್ನೂ ಕಿತ್ತುಹಾಕಿದ್ದರಿಂದ ಅವನು ತೆಗೆದದ್ದು ಯಾವುದೆಂದು ಗೊತ್ತಾಗಲಿಲ್ಲ. ತಪ್ಪು ಫ್ಯೂಸ್ ಕಿತ್ತಿದ್ದಾನೆ, ಸಾವು ಅವನ ಅಜಾಗರೂಕತೆಯಿಂದಲೇ ಎಂದು ವಿಚಾರಣೆ ಮುಗಿಯಿತು. ಅವನ ಹೆಂಡತಿ ಲಕ್ಕಮ್ಮ ಮಾತ್ರ ಅದನ್ನು ಒಪ್ಪಿರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಅದೇ ಕಂಬದ ಅದೇ ತಂತಿಯ ಜಾಯಿಂಟ್ ಬಿಟ್ಟುಕೊಂಡಿತು. ಧೈರ್ಯ ಹೇಳಲು ರಂಗಪ್ಪನ ಜೊತೆ ನಾನೂ ಹೋದೆ. ಅವನು ನನ್ನ ಕಣ್ಣೆದುರೇ ಸರಿಯಾದ ಫ್ಯೂಸನ್ನೇ ಕಿತ್ತ. ಮೋಡ ಕವಿದು ಹಗಲೇ ಮಬ್ಬಾಗಿತ್ತು. ಅವನು ಹಗ್ಗ, ಬೆಲ್ಟು ಸರಿಮಾಡಿಕೊಳ್ಳುವಷ್ಟರಲ್ಲಿ ನೀರು ಕೇಳಲು ಕಂಬದ ಪಕ್ಕದ ಮನೆಗೆ ಹೋದೆ. ಅದು ಲಕ್ಕಮ್ಮನ ಮನೆ.

ಕಿಟಕಿಯಿಲ್ಲದ ಆ ನಡುಮನೆಯಲ್ಲಿ ಬಲ್ಬು ಉರಿಯುತ್ತಿತ್ತು. ಬೆಳಕೆನ್ನುವಂತಿರಲಿಲ್ಲ, ಒಳಗಿನ ತಂತಿ ಕೆಂಡದಂತೆ ಕೆಂಪಗಿತ್ತು. ಕೆಂಪು ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಆ ಮನೆಗೆ ಬರುವುದು ನಾವು ಫ್ಯೂಸ್ ಕಿತ್ತ ಫೇಸಿನಿಂದಲೇ. ಲಕ್ಕಮ್ಮ ಅದರ ಕೆಳಗೆ ಚಾಪೆ ಹಾಕಿಕೊಂಡು ಮೇಲೆ ನೋಡುತ್ತ ಕೂತಿದ್ದಳು.

"ಫ್ಯೂಸ್ ಹೋದಾಗೆಲ್ಲ ಇಂಗೇಯ ಸಾಮಿ," ಎಂದಳು ಸಮಾಧಾನವಾಗಿ. "ಅವರು ಬತ್ತಾರೆ. ಉಸಿರಾಡೋದು ಕಾಣಾಕಿಲ್ವಾ?"

ಕಂಡಿತು. ಸುಳ್ಳೇಕೆ ಹೇಳಲಿ, ಆ ಕ್ಷಣ ನಾನೂ ನಂಬಿದೆ. ಮರುಕ್ಷಣ ರಂಗಪ್ಪನ ನೆನಪಾಗಿ ಹೊರಗೋಡಿದೆ. ಅವನು ಆಗಲೇ ಅರ್ಧ ಕಂಬದಲ್ಲಿದ್ದ. "ಇಳಿಯೋ! ಮುಟ್ಟಬೇಡ!" ಎಂದು ಕೂಗಿದೆ. ಅವನು ಇಳಿದು ಬಂದ.

ಸುಮ್ಮನೆ ನಿಂತಾಗ ಹೊಲದ ಕಡೆಯಿಂದ ಒಂದು ಮೋಟರಿನ ಗುಯ್‌ಗುಡುವಿಕೆ ಕೇಳಿಸಿತು. ಎರಡೇ ಫೇಸಿನಲ್ಲಿ ಮೋಟರ್ ಹೇಗೆ ಓಡುತ್ತಿದೆ? ಹೋಗಿ ನೋಡಿದರೆ ಲಕ್ಕಮ್ಮನ ಮನೆಗೂ ಮೈದುನನಿಗೂ ಸೇರಿದ ಪಂಪ್‌ಸೆಟ್ಟು. ಸ್ಟಾರ್ಟರ್ ಪಕ್ಕದಲ್ಲಿ ಕಂಡೆನ್ಸರ್, ಅಂದರೆ ಕೆಪಾಸಿಟರ್, ಕಟ್ಟಿದ್ದರು. ಒಂದು ಫೇಸ್ ಇಲ್ಲದಿದ್ದರೂ ಮೋಟರನ್ನು ತಿರುಗಿಸುವ ಉಪಾಯವದು. ಮೋಟರ್ ಒಮ್ಮೆ ತಿರುಗತೊಡಗಿದರೆ ಇಲ್ಲದ ಮೂರನೆಯ ಫೇಸನ್ನು ತಾನೇ ಹುಟ್ಟಿಸುತ್ತದೆ. ಆ ತಂತಿಯನ್ನು ಪಂಪಿನ ಬಳಿ ಬಿಡಿಸದಿದ್ದರೆ ಕರೆಂಟು ಹಿಂದಕ್ಕೆ ಲೈನಿಗೆ ಹರಿಯುತ್ತದೆ. ಇದನ್ನು ನಾವು ಬ್ಯಾಕ್‌ಫೀಡ್ ಎನ್ನುತ್ತೇವೆ. ಮೋಟರಿನ ಮೇಲಿನ ಭಾರ ಏರಿಳಿದಂತೆ ಬಲ್ಬಿನ ಕೆಂಪೂ ಏರಿಳಿಯುತ್ತದೆ. ರಂಗಪ್ಪನನ್ನು ಬಲ್ಬಿನ ಮುಂದೆ ನಿಲ್ಲಿಸಿ ಮೋಟರ್ ನಿಲ್ಲಿಸಿದೆ. "ಹೋಯ್ತು ಸಾರ್!" ಎಂದು ಅಲ್ಲಿಂದ ಕೂಗಿದ.

ನನಗೆ ಖುಷಿಯೋ ಖುಷಿ. ಚಿಕ್ಕಣ್ಣ ಸರಿಯಾದ ಫ್ಯೂಸನ್ನೇ ಕಿತ್ತಿದ್ದಿರಬೇಕು. ಲಕ್ಕಮ್ಮನ ಮುಂದೆ ಕೂತು ಎಲ್ಲ ಬಿಡಿಸಿ ಹೇಳಿದೆ. "ನಿನ್ನ ಗಂಡ ತಪ್ಪು ಮಾಡಿರಲಿಲ್ಲ ಕಣಮ್ಮ. ಯಾರೋ ಮೋಟರ್ ಹಾಕಿದ್ದರು, ಅಷ್ಟೆ."

ಆಕೆ ಆರಿದ ಬಲ್ಬನ್ನು ಒಮ್ಮೆ ನೋಡಿದಳು.

"ಆ ಕಂಡೆನ್ಸರ್ ಕಟ್ಟಿದ್ದು ಅವರೇ ಸಾಮಿ. ತಾವು ಲೈನ್ ಮ್ಯಾಲಿರೋವಾಗ ನೀರು ನಿಲ್ಲೋದು ಬ್ಯಾಡ ಅಂತ, ಹೆಂಗೆ ಹಾಕೋದು ಅಂತ ನಂಗೂ ಕಲಿಸಿದ್ರು." ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. "ಅವತ್ತು ಮೋಟ್ರು ಹಾಕಿದ್ದು ನಾನೇಯ."

ನನ್ನ ಬುದ್ಧಿವಂತಿಕೆಯೆಲ್ಲ ಅಲ್ಲೇ ಇಳಿದುಹೋಯಿತು. ಆ ಲೈನಿನಲ್ಲಿ ಇನ್ನೂ ಪಂಪುಗಳಿವೆ, ಕರೆಂಟು ಯಾವುದರಿಂದ ಬಂತೆಂದು ದೇವರಿಗೂ ಹೇಳಲಾಗದು ಎಂದೆ. ಅದು ನಿಜವೇ. ಆದರೂ ಆಕೆಯ ಮುಖ ನೋಡಿ ಹೇಳುವುದಾಗಲಿಲ್ಲ.

ಚಿಕ್ಕಣ್ಣನದು ತಪ್ಪಿಲ್ಲವೆಂದು ವರದಿ ಕಳಿಸಿದೆ, ಮೇಲಿನವರು ಒಪ್ಪಿದರು. ನನ್ನ ಸೆಕ್ಷನ್ನಿನಲ್ಲಿ ಮೂರೂ ಫ್ಯೂಸ್ ಕೀಳದೆ, ತಂತಿಗಳನ್ನು ಒಂದಕ್ಕೊಂದು ಸೇರಿಸಿ ನೆಲಕ್ಕೆ ಜೋಡಿಸಿ ಅರ್ತ್ ಮಾಡದೆ ಯಾರೂ ಕಂಬ ಹತ್ತಕೂಡದೆಂದು ಕಟ್ಟುನಿಟ್ಟು ಮಾಡಿದೆ. ರೈತರು ಬೈದರು, ಬೈಸಿಕೊಂಡೆ. ತಂತಿಗೆ ಕರೆಂಟು ನಾವು ಕೊಟ್ಟ ಕಡೆಯಿಂದಲೇ ಬರಬೇಕೆಂದೇನಿಲ್ಲ. ಒಳ್ಳೆಯದಕ್ಕೆಂದು ಮಾಡಿದ ಕೆಲಸದ ಕಡೆಯಿಂದಲೂ ಬರಬಹುದು. ನೌಕರಿ ನನಗೆ ಕಲಿಸಿದ್ದು ಇದು.

ಆ ಊರಿಗೆ ಲೈನ್‌ಮನ್ ಹೋದಾಗಲೆಲ್ಲ ಲಕ್ಕಮ್ಮ ಮೊದಲು ಹೊಲದಿಂದ ಹೊಲಕ್ಕೆ ಅಲೆದು ಮೋಟರ್‌ಗಳನ್ನೆಲ್ಲ ನಿಲ್ಲಿಸಿ ಬರುತ್ತಿದ್ದಳು. ಆಮೇಲೆ ಕಂಬದ ಬುಡದಲ್ಲಿ ಕೂರುತ್ತಿದ್ದಳು. ಇಳಿದು ಬಂದವನ ಕೈಯನ್ನು ಒಮ್ಮೆ ಮುಟ್ಟಿ, ಬೆಚ್ಚಗಿದೆಯೆಂದು ಗೊತ್ತಾದ ಮೇಲೆಯೇ ಎದ್ದು ಮನೆಗೆ ಹೋಗುತ್ತಿದ್ದಳು.