ಕಜ್ಜಿ ತಂದವಳು

ಹಲಸೂರು ಕೆರೆಯ ಹಿಂದಿನ ರಸ್ತೆಯ ಒಂದು ಚರ್ಮರೋಗದ ಕ್ಲಿನಿಕ್ಕಿನಲ್ಲಿ ನನಗೆ ರಿಸೆಪ್ಷನ್ ಕೆಲಸ. ಬಂದವರ ಹೆಸರು, ವಯಸ್ಸು, ತೊಂದರೆ ಕೇಳಿ ಬರೆದುಕೊಂಡು ಟೋಕನ್ ಕೊಡಬೇಕು. ಮೈ ಕೆರೆತಕ್ಕೆ ಈ ಊರಿನಲ್ಲಿ ಎಷ್ಟೊಂದು ಹೆಸರಿದೆ ಎಂದು ಕಲಿತದ್ದು ಅಲ್ಲಿಯೇ. ತಮಿಳಿನವರು ಅರಿಪ್ಪು ಎನ್ನುತ್ತಾರೆ. ಶಿವಾಜಿನಗರದಿಂದ ಬರುವವರಿಗೆ ಅದು ಖುಜಲಿ. ಇಲ್ಲಿನ ಹಳೆಯ ಮನೆಗಳ ಹೆಂಗಸರು ನವೆ ಎನ್ನುತ್ತಾರೆ, ಇಂದಿರಾನಗರದವರು ಏನೇ ಇದ್ದರೂ ಅಲರ್ಜಿ ಎನ್ನುತ್ತಾರೆ. ನಮ್ಮ ರಾಯಚೂರು ಕಡೆ ಕೆರಿತದ ಎಂದರೆ ಮುಗಿಯಿತು. ಉಗುರಿನಿಂದ ಪರಚಿ ಮೈತುಂಬ ಗೀರು ಮಾಡಿಕೊಂಡು ಬರುವವರಿದ್ದಾರೆ, ಬಾಚಣಿಗೆಯಿಂದ ಕೆರೆದು ಚರ್ಮ ತರಚಿಕೊಂಡವರಿದ್ದಾರೆ. ನಾಚಿಕೆಯವರು ಮಾತ್ರ ನಾಲ್ಕು ಜನರ ನಡುವೆ ಬಟ್ಟೆಯ ಮೇಲಿಂದಲೇ ಮೆಲ್ಲಗೆ ಉಜ್ಜಿಕೊಳ್ಳುತ್ತಾರೆ. ನಾನೂ ಕೆಲಕಾಲ ಹಾಗೆ ಉಜ್ಜಿಕೊಂಡವಳೇ.

ಆಗ ನಾನು ಹೊಸ ತಿಪ್ಪಸಂದ್ರದ ಒಂದು ಲೇಡೀಸ್ ಪೀಜಿಯಲ್ಲಿದ್ದೆ. ಮಾಲೀಕರು ಅಲ್ಲಿನ ಹಳಬರು. ಯಜಮಾನಿಯ ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಕಟ್ಟಡ ಎಬ್ಬಿಸಿ, ಕೆಳಗೆ ತಾವಿದ್ದುಕೊಂಡು ಮೇಲಿನದನ್ನೆಲ್ಲ ನಮ್ಮಂಥ ಹುಡುಗಿಯರಿಗೆ ಬಿಟ್ಟಿದ್ದರು. ಯಜಮಾನಿಯನ್ನು ನಾವೆಲ್ಲ ಆಂಟಿ, ಅವರ ಗಂಡನನ್ನು ಅಂಕಲ್ ಎನ್ನುತ್ತಿದ್ದೆವು. ನನ್ನ ರೂಮಿನಲ್ಲಿ ಇನ್ನೊಬ್ಬಳಿದ್ದಳು, ತಿಪಟೂರಿನ ಕಡೆಯವಳು, ಮೊಬೈಲ್ ಅಂಗಡಿಯಲ್ಲಿ ಕೆಲಸ. ನಾನು ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧಕ್ಕಿಂತ ಹೆಚ್ಚು ತಿನ್ನುತ್ತಿದ್ದವಳು ಅವಳು. ನಮ್ಮ ಮಂಚಗಳನ್ನು ಜೋಡಿಸಿಕೊಂಡೇ ಮಲಗುತ್ತಿದ್ದೆವು. ಆಂಟಿಗೂ ಅವಳೆಂದರೆ ಪ್ರೀತಿ. ಅಂಕಲ್ ಊರಲ್ಲಿಲ್ಲದ ದಿನ ಅವಳನ್ನು ಕೆಳಗೆ ಕರೆಸಿಕೊಂಡು, ಸೀರಿಯಲ್ ನೋಡಿ, ತಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದರು.

ಕೆ.ಆರ್. ಪುರದಲ್ಲಿ ಆಂಟಿಯ ತಮ್ಮ ನಡೆಸುತ್ತಿದ್ದ ಪೀಜಿ ಮುಚ್ಚಿತು. ಅಲ್ಲಿನ ಹಾಸಿಗೆಗಳೆಲ್ಲ ಟೆಂಪೋದಲ್ಲಿ ನಮ್ಮಲ್ಲಿಗೆ ಬಂದವು. ಒಂದು ಬಿಸಿಲಿಗೂ ಹಾಕದೆ ಅದೇ ಸಂಜೆ ನಮ್ಮ ಮಂಚಗಳ ಮೇಲೆ ಹಾಸಿದರು. ಕೆಲವು ವಾರ ಕಳೆಯುವಷ್ಟರಲ್ಲಿ ನನಗೆ ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಸೊಂಟದ ಸುತ್ತ ಕೆರೆತ ಹತ್ತಿತು. ಬೋರ್‌ವೆಲ್ ನೀರು ಒಗ್ಗುತ್ತಿಲ್ಲ ಎಂದುಕೊಂಡೆ. ಫೋನಿನಲ್ಲಿ ಅವ್ವನಿಗೆ ಹೇಳಿದರೆ ಬೇವಿನೆಲೆ ಕುದಿಸಿ ಜಳಕ ಮಾಡು ಎಂದಳು. ದಿನವೆಲ್ಲ ಚರ್ಮದ ಡಾಕ್ಟರ ಬಾಗಿಲಲ್ಲಿ ಕೂತವಳು ಒಳಗೆ ಹೋಗಿ ತೋರಿಸಲಿಲ್ಲ. ಅಲ್ಲಿ ಕೆಲಸ ಮಾಡುವವಳೇ ಕೆರೆದುಕೊಂಡರೆ ಬಂದವರು ಏನೆಂದುಕೊಂಡಾರು ಎಂಬ ಅಳುಕು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಸಾರು ಬಡಿಸುತ್ತಿದ್ದ ಆಂಟಿ ನನ್ನ ಕೈ ನೋಡಿ ಸೌಟನ್ನು ಹಾಗೇ ಹಿಡಿದು ನಿಂತರು. ತಟ್ಟೆ ಕೆಳಗಿಟ್ಟು ಕೈ ತೋರಿಸು ಎಂದರು. ತೋರಿಸಿದೆ.

"ಕಜ್ಜಿ ಇದು," ಎಂದರು. "ನಿಮ್ ಕಡೆ ನೀರಿಲ್ಲ, ವಾರಕ್ಕೊಂದ್ಸಲ ಸ್ನಾನ ಮಾಡ್ತೀರೇನೋ. ಅದನ್ನ ಇಲ್ಲಿಗೆ ತಂದು ನನ್ನ ಹುಡುಗೀರಿಗೆಲ್ಲ ಹಂಚ್ಬೇಡಮ್ಮ."

ಯಾರೋ ಕಿಸಕ್ಕನೆ ನಕ್ಕರು. ನಾನು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸ್ನಾನ ಮಾಡುವವಳು, ಬಕೆಟ್ಟಿನ ಸದ್ದಿಗೆ ಬೈಸಿಕೊಳ್ಳುವವಳು. ಅದು ರೂಮಿನವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಕಡೆ ನೋಡಿದೆ. ಅವಳು ಆ ಸೆಕೆಯಲ್ಲೂ ತುಂಬು ತೋಳಿನ ಟಾಪ್ ಹಾಕಿಕೊಂಡು, ತಲೆಯೆತ್ತದೆ ಅನ್ನ ಕಲಸುತ್ತಿದ್ದಳು. ಆಂಟಿ ಅವಳನ್ನೇ ಕೇಳಿದರು, ಇವಳಿಗೆ ಇದು ಎಷ್ಟು ದಿನದಿಂದ ಎಂದು. "ಬಂದಾಗಿಂದ ಇರ್ಬೇಕು ಆಂಟಿ," ಎಂದಳು.

ಅಂದಿನಿಂದ ನನಗೆ ಬೇರೆ ತಟ್ಟೆ, ಬೇರೆ ಬಕೆಟ್. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ಹಳೆಯ ಸಾಮಾನು ತುಂಬಿದ ಶೀಟಿನ ಕೋಣೆಗೆ ನನ್ನ ಗಂಟುಮೂಟೆ ಹೋಯಿತು. ಆಂಟಿ ಹೇಳದಿದ್ದರೂ ಹುಡುಗಿಯರು ನನ್ನ ಹೆಸರು ಬಿಟ್ಟು ಕಜ್ಜಿ ಎನ್ನತೊಡಗಿದರು. ಕಜ್ಜಿ ಸ್ನಾನಕ್ಕೆ ಹೋಗಿದ್ದಾಳೆ, ಕಜ್ಜಿ ಬಂದಳು. ನಾನು ಮೆಟ್ಟಿಲಿಳಿಯುವಾಗ ಎದುರು ಬಂದವರು ಗೋಡೆಗೆ ಅಂಟಿ ನಿಲ್ಲುತ್ತಿದ್ದರು.

ಕೊನೆಗೆ ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿದೆ. ಅವರು ಕೈ ನೋಡಿದವರೇ, ಇದು ಸ್ನಾನ ಮಾಡದಿದ್ದಕ್ಕೆ ಬರುವುದಲ್ಲ, ಒಬ್ಬರಿಂದೊಬ್ಬರಿಗೆ ಹತ್ತುವುದು, ಹಾಸಿಗೆ ಬಟ್ಟೆಯಿಂದಲೂ ಬರಬಹುದು ಎಂದರು. ಇತ್ತೀಚೆಗೆ ಹಾಸಿಗೆ ಬದಲಾಯಿತೇ ಎಂದು ಕೇಳಿದರು. ಕತ್ತಿನಿಂದ ಕೆಳಗೆ ಹಚ್ಚಿಕೊಳ್ಳಲು ಕ್ರೀಮ್ ಬರೆದುಕೊಟ್ಟು, ಜೊತೆಯಲ್ಲಿರುವ ಎಲ್ಲರೂ ಒಟ್ಟಿಗೇ ಹಚ್ಚಿಕೊಳ್ಳಬೇಕು ಎಂದು ಒತ್ತಿ ಹೇಳಿದರು.

ಆ ಸಂಜೆ ಆಂಟಿಯ ಬಾಗಿಲಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಹಾಸಿಗೆಗಳನ್ನು ತೆಗೆಸಿ, ಎಲ್ಲರಿಗೂ ಔಷಧಿ ಹಚ್ಚಿಸಿ ಎಂದೆ. ಅವರ ಮುಖ ಬಿಗಿಯಿತು.

"ನಮ್ ತಮ್ಮನ್ ಮನೆ ಹಾಸಿಗೇಲಿ ಕಜ್ಜಿ ಇತ್ತು ಅಂತೀಯಾ? ಇದ್ದಲ್ಲಿ ಇರಕ್ಕಾಗ್ದೆ ಕಾಲ್ ಕೆರ್ಕೊಂಡು ಜಗಳಕ್ಕೆ ಬಂದಿದೀಯ ನೀನು. ನಾಳೇನೇ ಖಾಲಿ ಮಾಡು."

ಮಾಡಿದೆ. ಹಲಸೂರಿನಲ್ಲಿ ನಮ್ಮ ಊರಿನ ಕಡೆಯ ಒಂದು ಕುಟುಂಬ ಬಾಡಿಗೆಗಿದ್ದ ರೂಮಿನಲ್ಲಿ ಮೂಲೆ ಸಿಕ್ಕಿತು. ನನ್ನ ಕೆರೆತ ವಾಸಿಯಾಯಿತು. ಗಾಯದ ಹೊಪ್ಪಳೆಯೂ ಉದುರಿತು. ಆದರೆ ಬಸ್ಸಿನಲ್ಲಿ ಕೂತಾಗ, ಬಟ್ಟೆ ಒಗೆಯುವಾಗ ಆಂಟಿಗೆ ಏನೇನು ಹೇಳಬೇಕಿತ್ತೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅವರು ಎಲ್ಲರೆದುರು ತಲೆ ತಗ್ಗಿಸಿ ನಿಂತ ಹಾಗೆ ಕಲ್ಪಿಸಿಕೊಂಡರೆ ಮಾತ್ರ ನಿದ್ದೆ ಬರುತ್ತಿತ್ತು.

ಹೆಚ್ಚು ಕಾಯಬೇಕಾಗಲಿಲ್ಲ. ಒಂದು ದಿನ ಅವರೇ ಫೋನ್ ಮಾಡಿದರು. ದನಿ ಬೆಣ್ಣೆಯಂತಿತ್ತು. ನಮ್ಮನ್ನು ಮರೆತೇಬಿಟ್ಟೆಯಾ, ಊಟ ಸರಿಯಾಗಿ ಮಾಡುತ್ತೀಯಾ ಎಂದೆಲ್ಲ ಕೇಳಿ ಆಮೇಲೆ ವಿಷಯಕ್ಕೆ ಬಂದರು. ಡಾಕ್ಟರಿಗೆ ಸುಮ್ಮನೆ ಒಮ್ಮೆ ತೋರಿಸಬೇಕಿತ್ತಂತೆ. ಜನರ ಮುಂದೆ ಕೂರಿಸದೆ ಹಿಂದಿನಿಂದ ಒಳಗೆ ಬಿಡಲಾದೀತೇ ಎಂದರು. ಏನಾಗಿದೆ ಎಂದು ನಾನು ಕೇಳಲಿಲ್ಲ. ಅಂಕಲ್ ಇಲ್ಲದ ದಿನಗಳಲ್ಲಿ ಅವರ ಪಕ್ಕ ಯಾರು ಮಲಗುತ್ತಿದ್ದರೆಂದು ನನಗೆ ಗೊತ್ತಿತ್ತು.

"ಶನಿವಾರ ಸಂಜೆ ಬನ್ನಿ ಆಂಟಿ," ಎಂದೆ. "ನಾನೇ ಇರ್ತೀನಿ."

ಶನಿವಾರ ಸಂಜೆ ನಮ್ಮಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಅವರು ಮೈಸೂರು ಸಿಲ್ಕ್ ಉಟ್ಟು, ಮೊಣಕೈ ದಾಟಿದ ತೋಳಿನ ಬ್ಲೌಸ್ ತೊಟ್ಟು ಬಂದರು. ಬಾಗಿಲಲ್ಲೇ ಜನ ನೋಡಿ ಹಿಂದೆ ಸರಿಯುವವರಿದ್ದರು. ನಾನು ಎದ್ದು ಹೋಗಿ ಕೈ ಹಿಡಿದು ಕರೆತಂದು ನಡುಸಾಲಿನ ಕುರ್ಚಿಯಲ್ಲಿ ಕೂರಿಸಿದೆ. ಮೊದಲೇ ಹೆಸರು ಬರೆಸಿದವರಿದ್ದಾರೆ, ಸ್ವಲ್ಪ ಕೂತಿರಿ ಎಂದೆ. ಆಮೇಲೆ ಕೆಲಸದ ನಡುವೆ ಅವರನ್ನೇ ನೋಡುತ್ತಿದ್ದೆ. ಬಳೆ ಸರಿಮಾಡಿಕೊಳ್ಳುವಂತೆ ಮಣಿಕಟ್ಟು ಉಜ್ಜಿಕೊಂಡರು. ನೆರಿಗೆ ಸರಿಮಾಡಿಕೊಳ್ಳುವಂತೆ ಸೊಂಟ ಕೆರೆದುಕೊಂಡರು. ಬೆರಳುಗಳನ್ನು ಒಂದರೊಳಗೊಂದು ಹೆಣೆದು ಹಿಸುಕಿದರು. ಆ ಹಿಸುಕಾಟ ಎಂಥದೆಂದು ನನಗೆ ಚೆನ್ನಾಗಿ ಗೊತ್ತು. ನೋಡಿದಷ್ಟೂ ಹೊಟ್ಟೆ ತಣ್ಣಗಾಯಿತು.

ಕೊನೆಗೆ ಕರೆದು ಕೌಂಟರಿನ ಮುಂದೆ ನಿಲ್ಲಿಸಿಕೊಂಡೆ. ಏನು ತೊಂದರೆ ಎಂದು ಕೇಳಿದೆ. ಅಲರ್ಜಿ ಎಂದು ಪಿಸುಗುಟ್ಟಿದರು. ಕೇಳಿಸಲಿಲ್ಲ ಎಂದೆ. ಮತ್ತೆ ಹೇಳಿದರು. ಎಲ್ಲೆಲ್ಲಿ, ರಾತ್ರಿ ಜಾಸ್ತಿಯೇ, ಮನೆಯಲ್ಲಿ ಇನ್ನು ಯಾರಿಗಿದೆ ಎಂದು ಒಂದೊಂದಾಗಿ ಕೇಳಿದೆ. ಇವೆಲ್ಲ ದಿನವೂ ನಾನು ಕೇಳುವ ಪ್ರಶ್ನೆಗಳೇ. ಅಂದು ದನಿ ಮಾತ್ರ ಎತ್ತರಿಸಿದ್ದೆ.

"ಹಾಗಾದ್ರೆ ಅಲರ್ಜಿ ಅಲ್ಲ ಆಂಟಿ, ಕಜ್ಜಿ ಇರ್ಬೇಕು," ಎಂದೆ. "ಯಾರಿಂದ ಬಂತು ಅಂತ ಏನಾದ್ರೂ ಗೊತ್ತಾ?"

ಅವರು ತಿರುಗಿ ಹೋಗಿ ಕೂತಾಗ ಪಕ್ಕದ ಹೆಂಗಸು ಮಗುವನ್ನೆತ್ತಿಕೊಂಡು ಬೇರೆ ಕಡೆ ಹೋದಳು. ಆಂಟಿ ಸೆರಗನ್ನು ಮೈಗೆಲ್ಲ ಸುತ್ತಿಕೊಂಡು ನೆಲ ನೋಡುತ್ತ ಕೂತರು. ನಾನು ಇಷ್ಟು ದಿನ ಕಲ್ಪಿಸಿಕೊಂಡದ್ದು ಹಾಗೇ ಎದುರಿಗಿತ್ತು. ಆಗ ಎದುರು ಸಾಲಿನಲ್ಲಿದ್ದ ಬುರ್ಖಾದ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದು ಆ ಖಾಲಿ ಕುರ್ಚಿಯಲ್ಲಿ ಕೂತು, ನಮ್ಮ ಮೊಮ್ಮಕ್ಕಳಿಗೂ ಆಗಿತ್ತು, ಹದಿನೈದು ದಿನದಲ್ಲಿ ಹೋಗುತ್ತದೆ, ನಾಚಿಕೆ ಏಕೆ ಎಂದು ಸಮಾಧಾನ ಹೇಳಿದರು. ನನಗೆ ಆ ಅಜ್ಜಿಯ ಮೇಲೆ ಸಿಟ್ಟು ಬಂತು. ಟೆರೇಸಿನ ಕೋಣೆಯಲ್ಲಿ ನನ್ನ ಪಕ್ಕ ಯಾರೂ ಬಂದು ಕೂತಿರಲಿಲ್ಲ.

ಆಂಟಿಯನ್ನು ಒಳಗೆ ಕಳಿಸುವ ಮೊದಲು, ಇವರು ಪೀಜಿ ನಡೆಸುತ್ತಾರೆ, ಹುಡುಗಿಯರಿದ್ದಾರೆ ಎಂದು ಡಾಕ್ಟರಿಗೆ ಹೇಳಿದೆ. ಎಲ್ಲರಿಗೂ ಔಷಧಿ ಹಚ್ಚಿಸಿ, ಆ ಹಾಸಿಗೆಗಳನ್ನು ಎಸೆದುಬಿಡಿ, ವಾರ ಬಿಟ್ಟು ಬಂದು ತೋರಿಸಿ ಎಂದು ಡಾಕ್ಟರು ಗದರಿದ್ದು ಹೊರಗಿನವರೆಗೂ ಕೇಳಿಸಿತು. ಮುಂದಿನ ಶನಿವಾರ ಸಂಜೆಗೇ ಹೆಸರು ಬರೆದು ಚೀಟಿ ಕೊಟ್ಟೆ. ಆಂಟಿ ಅದನ್ನು ನನ್ನ ಮುಖ ನೋಡದೆ ತೆಗೆದುಕೊಂಡರು.

ಆ ಶನಿವಾರ ಅವರು ಬರಲಿಲ್ಲ. ಬಂದದ್ದು ನನ್ನ ಹಳೆಯ ರೂಮಿನವಳು. ತೋಳಿಲ್ಲದ ಚೂಡಿದಾರ್ ಹಾಕಿದ್ದಳು. ಕೈಮೇಲೆ ಒಣಗಿದ ಗೀರುಗಳು ಕಾಣುತ್ತಿದ್ದವು. ಕೌಂಟರಿಗೆ ಬಂದವಳೇ ಪೀಜಿಯ ಸುದ್ದಿ ಹೇಳಿದಳು. ಹಾಸಿಗೆಗಳನ್ನೆಲ್ಲ ಕಸದ ಆಟೋಗೆ ಹಾಕಿದರಂತೆ, ಹುಡುಗಿಯರಲ್ಲಿ ಅರ್ಧದಷ್ಟು ಜನ ಬಿಟ್ಟು ಹೋದರಂತೆ. ಇದೆಲ್ಲ ನಾನು ಹೋಗುವಾಗ ಅಂಟಿಸಿ ಹೋದದ್ದು ಎಂದು ಆಂಟಿ ರಸ್ತೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ. ನಾನು ಅದನ್ನು ಕೇಳಿಸಿಕೊಂಡರೂ ಕೇಳಿಸದವಳಂತೆ ಪೆನ್ನು ತೆಗೆದುಕೊಂಡು, ಅದೇ ಎತ್ತರದ ದನಿಯಲ್ಲಿ ಏನು ತೊಂದರೆ ಎಂದು ಕೇಳಿದೆ.

ಅವಳು ದನಿ ತಗ್ಗಿಸಲಿಲ್ಲ.

"ಕಜ್ಜಿ," ಎಂದಳು. "ನಿನಗಿಂತ ಮೊದ್ಲು ನನಗೇ ಬಂದಿತ್ತು ಕಣೇ. ಹೇಳಕ್ಕೆ ಭಯ ಆಯ್ತು."

ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಅವಳು ಯಾರ ಕಡೆಗೂ ನೋಡದೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು, ಕಣ್ಣು ತುಂಬಿತ್ತು. ನಾನು ಏನಾದರೂ ಅನ್ನಬೇಕೆಂದು ಕಾಯುತ್ತಿದ್ದಳು. ನಾನು ಅವಳು ಹೇಳಿದ್ದನ್ನು ಬರೆದುಕೊಂಡೆ, ಟೋಕನ್ ಹರಿದು ಕೊಟ್ಟೆ, ಕೂತ್ಕೋ ಎಂದೆ. ಆಮೇಲೆ ಅವಳಿಗಿಂತ ತಡವಾಗಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಮೊದಲು ಒಳಗೆ ಕಳಿಸಿದೆ.