ಅಜ್ಜಯ್ಯ ವೈಮಾನಿಕನನ್ನು ಪ್ರಶ್ನಿಸಿದ ಸಂಜೆ

ಯುದ್ಧ ಇನ್ನೂ ಮುಗಿದಿರಲಿಲ್ಲ. ನಾನು ಮದ್ರಾಸಿನಲ್ಲಿ ಚರಿತ್ರೆಯ ಬಿ.ಎ. ಮುಗಿಸಿ ಕೋಟದ ಮನೆಗೆ ಮರಳಿದ್ದೆ. ಮನೆಯವರು ನನ್ನ ಪದವಿಯನ್ನು ವಾಸಿಯಾದ ಕಾಯಿಲೆಯಂತೆ ನೋಡುತ್ತಿದ್ದರು. ಅದರ ಪ್ರಸ್ತಾಪ ಬಂದರೆ ಮಾತು ಬದಲಿಸುತ್ತಿದ್ದರು.

ಆ ದಿನಗಳಲ್ಲಿ ಬಾರ್ಕೂರಿನ ಒಬ್ಬರು ಹೆಣ್ಣು ನೋಡಲೆಂದು ನಮ್ಮ ಮನೆಗೆ ಬಂದರು. ವಿಮಾನಪಡೆಯಲ್ಲಿ ಅವರಿಗೆ ಕೆಲಸ. ವಿಮಾನಗಳ ವೈರ್‌ಲೆಸ್ ಯಂತ್ರ ಕೆಟ್ಟಾಗ ಶೆಡ್ಡಿನಲ್ಲಿ ಕೂತು ರಿಪೇರಿ ಮಾಡುತ್ತೇನೆ ಎಂದು ಸ್ಪಷ್ಟವಾಗಿಯೇ ಹೇಳಿದರು. ಆದರೆ ವಿಮಾನ ಎಂದೊಡನೆ ಚಾವಡಿಯಲ್ಲಿದ್ದವರೆಲ್ಲ ತಲೆಯೆತ್ತಿ ಮಾಡಿನ ಹೆಂಚು ನೋಡಿದರು. ಶೆಡ್ಡಿನವರೆಗೆ ಯಾರ ಗಮನವೂ ಇಳಿಯಲಿಲ್ಲ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಚರಿತ್ರೆಯಲ್ಲಿ ಯಾವ ಭಾಗ ಇಷ್ಟ? ಕೇಳಿ, ಉತ್ತರ ಮುಗಿಯುವವರೆಗೆ ಕಾದರು. ಹಾಗೆ ಕಾದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸಂಬಂಧ ಕೂಡಿಬರಲಿ ಎಂದು ನನ್ನ ಮನಸ್ಸು ಬಯಸಿತು. ಆದರೆ ಹುಡುಗಿ ತಾನೇ ವರನ ಪರ ವಾದಿಸುವ ಪದ್ಧತಿ ನಮ್ಮಲ್ಲಿರಲಿಲ್ಲ.

"ಮೇಲಿಂದ ಬಿದ್ರೆ ಹೆಕ್ಕುಕೆ ಎಲುಬೂ ಸಿಕ್ಕ. ಅಂಥವಂಗೆ ಹೆಣ್ಣ್ ಕೊಡೂದಾ?" ಎಂದರು ದೊಡ್ಡಮ್ಮ.

ತೀರ್ಮಾನ ಅಜ್ಜಯ್ಯನದು. ಅವರು ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಬರಿಯ ಮಾತಿನಲ್ಲಿ ಕೃಷ್ಣನೋ ಕರ್ಣನೋ ಆಗಿ ಎದುರಾಳಿಯ ಬಾಯಿ ಕಟ್ಟುವುದು ಅವರ ವಿದ್ಯೆ. ಎರಡೂ ಕಡೆಯ ವಾದ ಕೇಳದೆ ಅವರು ಬದನೆಕಾಯಿಯನ್ನೂ ಕೊಳ್ಳುತ್ತಿರಲಿಲ್ಲ. "ಕುಂದಾಪುರದ್ ಟೆಂಟಿಗ್ ವಿಮಾನದ್ ಸಿನಿಮಾ ಬಂದಿತ್ತ್ ಗಡ. ಹೋಯಿ ಕಂಡ್ ಬಪ್ಪ. ಅವ್ನ್ ಕೆಲ್ಸ ಎಂತದ್ದ್ ಅಂದೇಳಿ ಗೊತ್ತಾತ್ತ್" ಎಂದರು. ನನ್ನ ಬದುಕಿನ ಪ್ರಶ್ನೆಗೆ ಆಧಾರಗ್ರಂಥ ನಿಗದಿಯಾದದ್ದು ಹೀಗೆ.

ಪೆಟ್ರೋಲಿನ ಅಭಾವದಿಂದ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತ ಕುಂದಾಪುರ ಸೇರಿದೆವು. ಟೆಂಟಿನಲ್ಲಿ ಗಂಡಸರಿಗೆ ಬೆಂಚು. ಸೊಂಟದೆತ್ತರಕ್ಕೆ ಅಡ್ಡ ಕಟ್ಟಿದ ಬಟ್ಟೆಯ ಈಚೆ ಹೆಂಗಸರಿಗೆ ಚಾಪೆ. ಚಿತ್ರ ಇಂಗ್ಲಿಷಿನದಾದ್ದರಿಂದ ಅರ್ಥ ಹೇಳಲು ಒಬ್ಬರನ್ನು ಗೊತ್ತುಮಾಡಿದ್ದರು. ಅವರೂ ಅರ್ಥಧಾರಿಯೇ, ಹಲವು ತಾಳಮದ್ದಲೆ ಕೂಟಗಳಲ್ಲಿ ಅಜ್ಜಯ್ಯನ ಎದುರಾಳಿ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅದೊಂದು ಕೊರತೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಕತೆ ಹಿಂದಿನ ಮಹಾಯುದ್ಧದ್ದು. ಆದರೆ ನೆಲದ ಮೇಲೆ ಎರಡು ಜೊತೆ ರೆಕ್ಕೆಯಿದ್ದ ವಿಮಾನ ಆಕಾಶಕ್ಕೇರಿದೊಡನೆ ಒಂದೇ ಜೊತೆಯದಾಯಿತು. ನಾಯಕನ ಕೊರಳವಸ್ತ್ರ ಗಾಳಿಗೆ ಪಟಪಟ ಹಾರುತ್ತಿತ್ತು. ಎಣ್ಣೆ ಹಾಕಿ ಬಾಚಿದ ಅವನ ಕ್ರಾಪು ಅಲುಗಲಿಲ್ಲ. ಆನೆಯ ಆಕಾರದ ಒಂದೇ ಮೋಡ ಫ್ರಾನ್ಸಿನ ಮೇಲೂ ಕಂಡಿತು, ಜರ್ಮನಿಯ ಮೇಲೂ ಕಂಡಿತು. ಚಿತ್ರ ಮಾಡಿದವರು ಚರಿತ್ರೆಯನ್ನು ಕೈಬಿಟ್ಟಲ್ಲಿಂದ ನಮ್ಮ ಅರ್ಥಧಾರಿ ಎತ್ತಿಕೊಂಡರು. ಶತ್ರುವಿನ ವಿಮಾನ ಎದುರಾದಾಗ, ಅವರ ಅರ್ಥದಲ್ಲಿ, ಇಬ್ಬರೂ ಗುಂಡು ಹಾರಿಸುವುದನ್ನು ಬಿಟ್ಟು ತಮ್ಮ ವಂಶ, ಗುರು, ಹಿಂದಿನ ಗೆಲುವುಗಳನ್ನು ವಿವರಿಸಿದರು. ಬೆಂಚಿನ ಕಡೆಯಿಂದ "ಭೇಷ್" ಬಂತು.

ರೀಲು ಮುಗಿಯುವ ಹೊತ್ತಿಗೆ ಮದುವೆಗೆಂದು ಚರ್ಚಿಗೆ ಬಂದಿದ್ದ ನಾಯಕ ಯುದ್ಧದ ಕರೆ ಕೇಳಿ, ಮದುಮಗಳನ್ನು ಬಾಗಿಲಲ್ಲೇ ಬಿಟ್ಟು ವಿಮಾನವೇರಿದ. ಚಿತ್ರ ತೋರಿಸುವ ಯಂತ್ರ ಒಂದೇ ಆದ್ದರಿಂದ ರೀಲು ಬದಲಿಸಲು ದೀಪ ಹಾಕಿದರು. ಆಗ ಅಜ್ಜಯ್ಯ ಎದ್ದುನಿಂತು ಶಾಲು ಸರಿಮಾಡಿಕೊಂಡರು.

"ಎಲವೋ ವೈಮಾನಿಕನೇ, ಕನ್ಯೆಯ ಪಿತಾಮಹನಾಗಿ ಕೇಳುತ್ತೇನೆ. ಕೈಹಿಡಿಯಬೇಕಾದವಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಆಕಾಶಕ್ಕೆ ಹಾರಿದ ನೀನು ಗೃಹಸ್ಥನಾಗಲು ಯೋಗ್ಯನೇ?"

ದೊಡ್ಡಮ್ಮ ನನ್ನ ಕಿವಿಯಲ್ಲಿ, "ಮರ್ಯಾದಿ ಹೋಯ್ತ್ ಕಾಣ್" ಎಂದರು. ನಾನು ಚಾಪೆಯ ಅಂಚು ನೋಡುತ್ತಿದ್ದೆ.

ಅರ್ಥಧಾರಿಗೆ ವೈಮಾನಿಕನಾಗಿ ಉತ್ತರಿಸದೆ ಗತಿಯಿರಲಿಲ್ಲ. ಅವರು ಎಲೆಯಡಿಕೆ ಉಗಿದು ಬಂದು ಕೈಮುಗಿದರು. "ಪೂಜ್ಯರೇ, ತಮ್ಮ ಸೀಮೆಯ ಕತೆಯೊಂದಿದೆ. ಮದುವೆಯ ದಿನವೇ ಹೊಳೆಯ ಕಟ್ಟೆ ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿತಂತೆ. ಬಾಸಿಂಗ ಕಟ್ಟಿಕೊಂಡೇ ಮದುಮಗ ಮಣ್ಣು ಹೊರಲು ಓಡಿದನಂತೆ. ಅವನು ಯೋಗ್ಯನೋ, ಅಯೋಗ್ಯನೋ? ತಾವೇ ತೀರ್ಪು ಕೊಡಬೇಕು."

ಆ ಮದುಮಗ ಅಜ್ಜಯ್ಯನೇ. ಅದು ಕುಂದಾಪುರದಿಂದ ಬ್ರಹ್ಮಾವರದವರೆಗೆ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಹೇಳುತ್ತ ಬಂದವರೂ ಅಜ್ಜಯ್ಯನೇ. ಅಜ್ಜಯ್ಯ ಎದುರಾಳಿಗೆ ಕೈಮುಗಿದು, "ಒಪ್ಪಿದೆ" ಎಂದು ಕೂತರು. ಕೂಟದಲ್ಲಿ ಒಪ್ಪಿದ ಮಾತನ್ನು ಮನೆಯಲ್ಲಿ ಹಿಂದೆಗೆಯುವುದು ಅವರ ಜಾಯಮಾನವಲ್ಲ. ನನ್ನ ಮದುವೆ ಅಲ್ಲಿಗೆ ನಿಶ್ಚಯವಾದಂತಾಯಿತು.

ದೀಪ ಆರಿತು. ಹೊಸ ರೀಲಿನಲ್ಲಿ ನಾಯಕ ಸತ್ತ.

ವಿಮಾನ ಹೊತ್ತಿಕೊಂಡು ಬಿತ್ತು. ಮದುಮಗಳು ಕಪ್ಪು ಉಡುಪಿನಲ್ಲಿ ಸಮಾಧಿಯ ಮುಂದೆ ಮೊಣಕಾಲೂರಿದಳು. ಆಗಷ್ಟೇ ವೈಮಾನಿಕನನ್ನು ಗೆಲ್ಲಿಸಿದ್ದ ಅರ್ಥಧಾರಿಗೆ ಅವನನ್ನು ಸಾಯಿಸಲು ಮನಸ್ಸಾಗಲಿಲ್ಲ. "ಮಡಿದವನು ಶತ್ರು," ಎಂದರು ಗದ್ಗದಿತರಾಗಿ. "ಶತ್ರುವಿಗೂ ಕಣ್ಣೀರು ಸುರಿಸುವ ಈ ಸಾಧ್ವಿಯನ್ನು ಮನೆಗೆ ಕರೆದೊಯ್ಯಲು ನಾಯಕನು ಹೊರಗೆ ಕಾದು ನಿಂತಿದ್ದಾನೆ." ಗಂಡಸರ ಕಡೆ ಮೂಗೊರೆಸುವ ಸದ್ದು ಕೇಳಿತು. ಅಷ್ಟರಲ್ಲಿ ಸಮಾಧಿಯ ಕಲ್ಲು ಪರದೆಯ ತುಂಬ ಬಂದು ನಿಂತಿತು. ಅದರ ಮೇಲೆ ನಾಯಕನ ಹೆಸರು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿತ್ತು.

ದೊಡ್ಡಮ್ಮ ಹತ್ತಿರ ಸರಿದರು. "ಅವ್ರ್ ಬಾಯಿಗ್ ಬಂದದ್ದ್ ಹೇಳ್ತ್ರ್. ನೀ ಓದ್ದವ್ಳ್. ಕಲ್ಲ್ ಮೇಲೆ ಎಂತ ಬರದಿತ್ತ್? ಸತ್ತದ್ದ್ ಯಾರ್?"

ಮೂಲ ಆಧಾರವನ್ನು ಸ್ವತಃ ಓದದೆ ಏನನ್ನೂ ಹೇಳಬಾರದೆಂದು ನಮ್ಮ ಪ್ರಾಧ್ಯಾಪಕರು ಕಲಿಸಿದ್ದರು. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ.

"ಅಕ್ಷರ ಕಾಣೂದಿಲ್ಲೆ, ದೊಡ್ಡಮ್ಮ."

ಆ ಕ್ಷಣಕ್ಕೆ ಅದು ಸಂಪೂರ್ಣ ನಿಜವಾಗಿತ್ತು. ಕಲ್ಲು ಪರದೆಯಿಂದ ಹೋಗುವವರೆಗೆ ಒರೆಸಿದೆ.

ಮದುವೆ ನಮ್ಮ ಮನೆಯಂಗಳದಲ್ಲಿ ಆಯಿತು. ಊಟದ ಪಂಕ್ತಿಯಲ್ಲಿ ಅಜ್ಜಯ್ಯ ಮೊಮ್ಮಗಳ ಗಂಡನ ಪರಾಕ್ರಮವನ್ನು ನೆಂಟರಿಗೆಲ್ಲ ವಿಸ್ತರಿಸುತ್ತಿದ್ದರು. ಅದರಲ್ಲಿ ಆನೆಯ ಆಕಾರದ ಮೋಡವೂ ಬಂತು. ಕೊನೆಗೆ ವರನತ್ತಲೇ ತಿರುಗಿ, "ಶತ್ರುವಿನ್ ವಿಮಾನ ಎಷ್ಟ್ ಕೆಡಗಿದ್ರಿ? ನೀವೇ ಹೇಳಿ" ಎಂದರು.

"ಒಂದೂ ಇಲ್ಲೆ, ಅಜ್ಜಯ್ಯ. ನಾ ಶೆಡ್ಡಲ್ ಕೂಕಂಡ್ ರಿಪೇರಿ ಮಾಡುವವ. ಒಂದ್ಸಲ ಮೇಲೆ ಕರ್ಕಂಡ್ ಹೋಯಿದ್ರ್. ವಾಂತಿ ಆಯ್ತ್."

ದೊಡ್ಡಮ್ಮನ ಮುಖ ಅರಳಿತು. ಎರಡನೆಯ ಸಲ ಪಾಯಸ ಹಾಕಿಸಿಕೊಂಡರು. ಅಜ್ಜಯ್ಯ ಮಾತ್ರ ಎಡಬಲ ನೋಡಿ, ವರನ ಕಿವಿಯತ್ತ ಬಗ್ಗಿದರು.

"ಮಾಣಿ, ಇಷ್ಟ್ ಜನದ್ ಎದ್ರ್ ಹಾಂಗೆಲ್ಲ ಹೇಳುಕಾಗ."